ಏಳನೇ ರಾಶಿ

ಮಾರ್ಚ್ 4

ಇವತ್ತು ಅತ್ತೆಗೆ ಸುಳ್ಳು ಹೇಳಿದೆ. ಹಾಲು ಉಕ್ಕಿ ಹೋದಾಗ, ಬಸ್ಸು ತಪ್ಪಿದಾಗ ಹೇಳುವಂಥ ಸುಳ್ಳುಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಇದು ಆ ಲೆಕ್ಕಕ್ಕೆ ಸೇರುವುದಲ್ಲ. ಯಾರಿಗೂ ಹೇಳುವ ಹಾಗಿಲ್ಲ, ಒಳಗೆ ಇಟ್ಟುಕೊಳ್ಳಲೂ ಆಗುತ್ತಿಲ್ಲ. ನಾನು ಕೆಲಸ ಮಾಡುವ ಗೊಬ್ಬರದ ಯಾರ್ಡಿನಿಂದ ತಂದ ಹಳೆಯ ಲೋಡ್ ಪುಸ್ತಕದಲ್ಲಿ ಅರ್ಧ ಖಾಲಿ ಹಾಳೆಗಳಿವೆ. ಅದರಲ್ಲಿ ಬರೆಯುತ್ತಿದ್ದೇನೆ.

ಬೆಳಿಗ್ಗೆ ಕೆಲಸಕ್ಕೆ ಹೊರಟು ಚಪ್ಪಲಿ ಹಾಕಿಕೊಳ್ಳುತ್ತಿದ್ದಾಗ ಅತ್ತೆ ತಾರಸಿಯಿಂದ ಕೂಗಿದರು. ಅಲ್ಲಿ ಅವರದು ಹನ್ನೊಂದು ಟಬ್. ಏಳರಲ್ಲಿ ಟೊಮೆಟೊ, ನಾಲ್ಕರಲ್ಲಿ ಬೀನ್ಸ್. ಹೋಗಿ ನೋಡಿದರೆ ಎಲೆಗಳೆಲ್ಲ ಬಟ್ಟಲಿನಂತೆ ಒಳಕ್ಕೆ ಮಡಚಿಕೊಂಡಿದ್ದವು. ಚಿಗುರಿನ ತುದಿಗಳು ಹಗ್ಗ ಹೊಸೆದಂತೆ ತಿರುಚಿಕೊಂಡಿದ್ದವು. ಹುಳುವಿಲ್ಲ, ಚುಕ್ಕೆಯಿಲ್ಲ, ಬಾಡಿದ್ದೂ ಇಲ್ಲ. ಹಸಿರಾಗಿಯೇ ಸೊಟ್ಟಗಾಗಿದ್ದವು.

"ಏನಿರಬಹುದು ನೋಡು. ನಿನಗೆ ಗೊತ್ತಿರುತ್ತೆ" ಎಂದರು.

ನನಗೆ ಗೊತ್ತಿತ್ತು. ಆ ಟಬ್‌ಗಳಿಗೆ ಬೆರೆಸಿದ ಗೊಬ್ಬರ ನಮ್ಮ ಯಾರ್ಡಿನದು. ಚೀಲ ಹೊತ್ತು ತಂದವಳು ನಾನು. ಚೀಲದ ಚೀಟಿಯ ಮೇಲಿರುವ ಸಹಿಯೂ ನನ್ನದೇ.

"ಎಲೆಗೆ ಹೊಡೀತೀರಲ್ಲ ಆ ಟಾನಿಕ್, ಅದರ ಅಳತೆ ಜಾಸ್ತಿ ಆಗಿರಬೇಕು ಅತ್ತೆ" ಎಂದೆ.

"ಒಂದು ಕ್ಯಾನಿಗೆ ಎರಡು ಮುಚ್ಚಳ. ಅಷ್ಟೇ ಹಾಕಿದ್ದು" ಎಂದರು. ಸ್ವಲ್ಪ ಹೊತ್ತು ಆ ಎಲೆಯನ್ನೇ ನೋಡುತ್ತಿದ್ದು, "ಅಷ್ಟೇ ಹಾಕಿದ್ದಾ?" ಎಂದು ತಮ್ಮನ್ನೇ ಕೇಳಿಕೊಂಡರು.

ನಾನು ಬಸ್ಸಿಗೆ ತಡವಾಗುತ್ತದೆಂದು ಇಳಿದು ಬಂದುಬಿಟ್ಟೆ.

ಮೂವತ್ತೆಂಟು ವರ್ಷ ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದವರು ಅವರು. ಒಂದು ಹನಿ ಆಚೀಚೆ ಆಗದ ಹಾಗೆ ಔಷಧಿ ಅಳೆದವರು. ಅಂಥವರಿಗೆ ಅಳತೆ ತಪ್ಪಿದೆ ಎಂದು ಹೇಳಿ ಬಂದೆ.

ಮಾರ್ಚ್ 6

ಮೊನ್ನೆ ಬರೆದದ್ದನ್ನು ಓದಿದರೆ ನಾನೇನೋ ಕಳ್ಳಿ ಎನ್ನುವ ಹಾಗಿದೆ. ನನ್ನ ಕಡೆಯದನ್ನೂ ಬರೆದಿಡಬೇಕು.

ನಮ್ಮ ಕಂಪನಿ ಈ ಊರಿನ ಪಾರ್ಕುಗಳನ್ನು, ರಸ್ತೆ ನಡುವಿನ ಹಸಿರು ಪಟ್ಟಿಗಳನ್ನು, ದೊಡ್ಡ ಆಫೀಸುಗಳ ಹುಲ್ಲುಹಾಸನ್ನು ನೋಡಿಕೊಳ್ಳುತ್ತದೆ. ಅಲ್ಲೆಲ್ಲ ಕತ್ತರಿಸಿದ್ದು, ಸವರಿದ್ದು, ಉದುರಿದ್ದು ನಮ್ಮ ಯಾರ್ಡಿಗೆ ಬರುತ್ತದೆ. ಕೊಂಬೆಗಳು ಮೆಷಿನ್ನಿನಲ್ಲಿ ಚೂರಾಗಿ ಪಾರ್ಕಿನ ಕಾಲುದಾರಿಗೆ ಹಾಸಾಗುತ್ತವೆ. ದಪ್ಪ ದಿಮ್ಮಿಗಳು ಪಾತಿಯ ಅಂಚಿಗೆ ಹೋಗುತ್ತವೆ. ಒಡೆದ ಕುಂಡಗಳನ್ನು ಕುಟ್ಟಿ ಹೊಸ ಕುಂಡಗಳ ತಳಕ್ಕೆ ಹಾಕುತ್ತೇವೆ. ಎಲೆ, ಹುಲ್ಲು ಗೊಬ್ಬರವಾಗುತ್ತದೆ. ಎರಡು ವರ್ಷದ ಹಿಂದೆ ನಾನು ಇನ್‌ಚಾರ್ಜ್ ಆದಾಗ ಬಂದದ್ದರಲ್ಲಿ ಮೂರರಲ್ಲೊಂದು ಪಾಲು ಊರಾಚೆಯ ಕಸದ ಗುಡ್ಡಕ್ಕೇ ಹೋಗುತ್ತಿತ್ತು. ಹೋದ ವರ್ಷ ಅದನ್ನು ನೂರಕ್ಕೆ ನಾಲ್ಕಕ್ಕೆ ಇಳಿಸಿದೆ. ಈ ವರ್ಷ ಸೊನ್ನೆ ಮಾಡುತ್ತೇನೆ ಎಂದು ಮ್ಯಾನೇಜರ್ ಎದುರು ಬಾಯಿಬಿಟ್ಟು ಹೇಳಿದವಳೂ ನಾನೇ.

ನವೆಂಬರಿನಲ್ಲಿ ಒಂದು ಆಫೀಸಿನಿಂದ ಮೂರು ಲಾರಿ ಹುಲ್ಲು ಬಂತು. ಅಲ್ಲಿಯ ಮಾಲಿ ಮೊದಲೇ ಫೋನು ಮಾಡಿದ್ದ. ಹತ್ತು ದಿನದ ಹಿಂದೆ ಹುಲ್ಲಿಗೆ ಕಳೆನಾಶಕ ಹೊಡೆದಿದ್ದಾರೆ, ನೋಡಿಕೊಳ್ಳಿ ಎಂದು. ಆ ಔಷಧಿ ಹುಲ್ಲನ್ನು ಬಿಟ್ಟು ಅಗಲ ಎಲೆಯ ಕಳೆಯನ್ನು ಮಾತ್ರ ಕೊಲ್ಲುತ್ತದೆ. ಹುಲ್ಲು ಕೊಳೆತು ಗೊಬ್ಬರವಾದರೂ ಅದರ ಶಕ್ತಿ ತಿಂಗಳುಗಟ್ಟಲೆ ಒಳಗೇ ಕೂತಿರುತ್ತದೆ. ಆ ಗೊಬ್ಬರ ತಾಗಿದರೆ ಟೊಮೆಟೊ, ಬೀನ್ಸ್ ಸೊಟ್ಟಗಾಗುತ್ತವೆ. ಅಂಥ ಹುಲ್ಲನ್ನು ಬೇರೆಯೇ ಇಡಬೇಕು ಎಂಬ ನಿಯಮವನ್ನು ಗೋಡೆಗೆ ಅಂಟಿಸಿದ್ದು ಕೂಡ ನಾನೇ. ಆದರೆ ಆ ವಾರ ಬೇರೆ ಇಡಲು ಜಾಗವಿರಲಿಲ್ಲ. ವಾಪಸ್ ಕಳಿಸಿದರೆ ಕಸದ ಗುಡ್ಡಕ್ಕೆ ಹೋಗುತ್ತಿತ್ತು, ನನ್ನ ಸೊನ್ನೆ ಹಾಳಾಗುತ್ತಿತ್ತು. ಲೋಡ್ ಫಾರಂನಲ್ಲಿ "ಔಷಧಿ ಹೊಡೆದಿದೆಯೇ?" ಎಂಬ ಸಾಲಿನ ಮುಂದೆ "ಇಲ್ಲ" ಎಂದು ಬರೆದು ಸಹಿ ಹಾಕಿದೆ. ರಾಶಿ ಚೆನ್ನಾಗಿ ಕಾದರೆ, ನಾಲ್ಕು ಸಲ ಮಗುಚಿದರೆ ಔಷಧಿ ಸತ್ತುಹೋಗುತ್ತದೆ ಎಂದುಕೊಂಡೆ. ಹಾಗೆ ಆಗಿದ್ದು ಏಳನೇ ರಾಶಿ.

ಇನ್ನೊಂದು ವಿಷಯ. ನಮ್ಮಲ್ಲಿ ಗೊಬ್ಬರ ಜರಡಿ ಹಿಡಿಯುವವಳೊಬ್ಬಳಿದ್ದಾಳೆ. ಪ್ರತಿ ರಾಶಿ ಹಣ್ಣಾದ ಮೇಲೆ ಅದರ ಮಣ್ಣಿನಲ್ಲಿ ನಾಲ್ಕು ಬೀನ್ಸ್ ಬೀಜ ಹಾಕಿ, ಎಲೆ ನೆಟ್ಟಗೆ ಬಂದರೆ ಮಾತ್ರ ಚೀಲಕ್ಕೆ ತುಂಬುವುದು ಅವಳ ರೂಢಿ. ಅದಕ್ಕೆ ಮೂರು ವಾರ ಬೇಕು. ಈ ಸಲ ಕಸದ ಲೆಕ್ಕದ ಪರಿಶೀಲನೆಗೆ ತಂಡ ಬರುವುದಿತ್ತು, ಅಂದು ಸಾರ್ವಜನಿಕರಿಗೆ ಗೊಬ್ಬರ ಹಂಚುವುದಿತ್ತು. ಬೀಜ ಗೀಜ ಬೇಡ, ತುಂಬಿ ಎಂದೆ. "ಇದೊಂದು ರಾಶಿಗಾದ್ರೂ ಇಡ್ಲಾ ಮೇಡಂ?" ಎಂದಿದ್ದಳು. ಬೇಡ ಎಂದಿದ್ದೆ.

ತಂಡ ಬಂತು, ಹೊಗಳಿತು. ಇನ್ನೂರ ಹನ್ನೆರಡು ಚೀಲ ಹಂಚಿದೆವು. ಕಂಪನಿಯ ಪತ್ರಿಕೆಯಲ್ಲಿ ನನ್ನ ಫೋಟೊ ಬಂತು. ಅತ್ತೆ ಅದನ್ನು ಕತ್ತರಿಸಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಾರೆ. ನೀರು ಕುಡಿಯಲು ಹೋದಾಗೆಲ್ಲ ನಾನೇ ನನ್ನನ್ನು ನೋಡಿ ಹಲ್ಲು ಬಿಡುತ್ತಿರುತ್ತೇನೆ.

ಯಾರ ಜೀವವೂ ಹೋಗಿಲ್ಲ. ಟೊಮೆಟೊ ಗಿಡ ತಾನೇ.

ಮಾರ್ಚ್ 11

ದೂರುಗಳು ಬರುತ್ತಿವೆ. ಇವತ್ತಿಗೆ ಐದು. ಎಲ್ಲರೂ ಫೋನಿನಲ್ಲಿ ಸೊಟ್ಟ ಎಲೆಯ ಚಿತ್ರ ಕಳಿಸಿದ್ದಾರೆ. ಎಲ್ಲರ ಮಾತೂ ಒಂದೇ: ನಾವೇ ಏನೋ ತಪ್ಪು ಮಾಡಿರಬೇಕು, ಏನೆಂದು ಸ್ವಲ್ಪ ತಿಳಿಸಿ. ಬೈದಿದ್ದರೆ ಉತ್ತರ ಬರೆಯುವುದು ಸುಲಭವಾಗುತ್ತಿತ್ತು.

ಮ್ಯಾನೇಜರ್ ಕರೆದು ವರದಿ ಕೇಳಿದರು. ಕೋಪದಲ್ಲಿರಲಿಲ್ಲ. ಎರಡು ಸಾಲು ಸಾಕು, ಕಾರಣ ಏನು, ಏನು ಕ್ರಮ ತೆಗೆದುಕೊಂಡಿರಿ ಎಂದರು. ಕುರ್ಚಿಯಲ್ಲಿ ಕೂತು ನಾಲ್ಕು ಸಲ ಬರೆದು ಹರಿದೆ. ಕೊನೆಗೆ ಬರೆದದ್ದು ಇಷ್ಟು: "ಜರಡಿ ಹಿಡಿಯುವ ಹಂತದಲ್ಲಿ ಅಜಾಗರೂಕತೆಯಿಂದ ಪೂರ್ತಿ ಹಣ್ಣಾಗದ ಗೊಬ್ಬರ ಕೆಲವು ಚೀಲಗಳಿಗೆ ಸೇರಿರುವ ಸಾಧ್ಯತೆ ಇದೆ."

ಸಾಧ್ಯತೆ ಇದೆ ಎಂದಷ್ಟೇ ಬರೆದಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ.

ಯಾರ್ಡಿನಲ್ಲಿ ಜರಡಿ ಹಿಡಿಯುವುದು ಒಬ್ಬಳೇ.

ಮಾರ್ಚ್ 13

ಅವಳನ್ನು ರಸ್ತೆ ಗುಂಪಿಗೆ ಹಾಕಿದರು. ಬಿಸಿಲಿನಲ್ಲಿ ಎಲೆ ಬಳಿಯುವುದು, ಚರಂಡಿಯ ಜಾಲರಿ ಎತ್ತಿ ಕಸ ತೆಗೆಯುವುದು. ವಯಸ್ಸು ಐವತ್ತು ದಾಟಿದೆ.

ಹೋಗುವಾಗ ಜರಡಿಯನ್ನು ತೊಳೆದು, ಒರೆಸಿ, ಮೊಳೆಗೆ ತೂಗುಹಾಕಿದಳು. ಆಮೇಲೆ ನನ್ನ ಕೋಣೆಯ ಬಾಗಿಲಿಗೆ ಬಂದಳು. "ನನ್ನದು ಏನು ತಪ್ಪಾಯ್ತು ಅಂತ ಹೇಳಿದ್ರೆ ತಿದ್ಕೋತಿದ್ದೆ ಮೇಡಂ" ಎಂದಳು.

ಮೇಲಿನವರ ತೀರ್ಮಾನ, ನನ್ನ ಕೈಯಲ್ಲಿಲ್ಲ ಎಂದೆ. ಅದನ್ನು ಹೇಳುವಾಗ ಕಂಪ್ಯೂಟರ್ ನೋಡುತ್ತಿದ್ದೆ. ಪರದೆ ಆಫ್ ಆಗಿತ್ತು.

ಮಾರ್ಚ್ 14

ಬರೆಯುವುದಕ್ಕೆ ಏನೂ ಇಲ್ಲ.

ಮಾರ್ಚ್ 19

ನಮ್ಮ ಕೆಳಗಿನ ಮನೆಯಲ್ಲಿ ಡ್ರಾಯಿಂಗ್ ಮೇಷ್ಟ್ರು ಒಬ್ಬರೇ ಇದ್ದಾರೆ. ಸಕ್ಕರೆ ಕಾಯಿಲೆ, ಕಣ್ಣು ಮಂಜು. ನಾಲ್ಕು ವರ್ಷದಿಂದ ದಿನಕ್ಕೆರಡು ಹೊತ್ತು ಅವರಿಗೆ ಇನ್ಸುಲಿನ್ ಚುಚ್ಚುವುದು ಅತ್ತೆ. ಅದೊಂದು ದೊಡ್ಡ ವಿಷಯ ಅಂತ ನಮ್ಮ ಮನೆಯಲ್ಲಿ ಯಾರೂ ಯೋಚಿಸಿದ್ದಿಲ್ಲ. ಅತ್ತೆ ಡಬ್ಬಿ ಹಿಡಿದು ಇಳಿಯುತ್ತಾರೆ, ಐದು ನಿಮಿಷಕ್ಕೆ ಮೇಷ್ಟ್ರ ಒಂದು ಜೋಕು ಕೇಳಿ ಹತ್ತಿ ಬರುತ್ತಾರೆ. ಆ ಜೋಕನ್ನು ರಾತ್ರಿ ಊಟದ ಹೊತ್ತಿಗೆ ನಮಗೆ ಹೇಳುತ್ತಾರೆ, ಅರ್ಧ ಮರೆತಿರುತ್ತಾರೆ.

ಇವತ್ತು ಸಂಜೆ ಮನೆಗೆ ಬಂದರೆ ಅತ್ತೆ ಅಡುಗೆಮನೆಯ ನೆಲದಲ್ಲಿ ಕೂತಿದ್ದರು. ಮುಂದೆ ಒಂದು ಲೋಟ ನೀರು, ಟಾನಿಕ್ ಮುಚ್ಚಳ, ಖಾಲಿ ಸಿರಿಂಜು. ಸಿರಿಂಜಿಗೆ ನೀರು ಎಳೆಯುವುದು, ಕನ್ನಡಕ ಮೇಲೆ ಸರಿಸಿ ಗೆರೆ ನೋಡುವುದು, ನೀರು ಚೆಲ್ಲುವುದು, ಮತ್ತೆ ಎಳೆಯುವುದು. ನಾನು ಬಾಗಿಲಲ್ಲಿ ನಿಂತು ಎಣಿಸಿದೆ. ಒಂಬತ್ತು ಸಲ. ಒಂಬತ್ತು ಸಲವೂ ಸರಿಯಾಗಿಯೇ ಎಳೆದರು. ಆದರೂ ಹತ್ತನೆಯದಕ್ಕೆ ಕೈ ಹಾಕಿದರು.

ನನ್ನನ್ನು ನೋಡಿ, ಇನ್ನು ಮೇಷ್ಟ್ರಿಗೆ ನಾನು ಚುಚ್ಚುವುದಿಲ್ಲ, ಬೇರೆ ಯಾರನ್ನಾದರೂ ಗೊತ್ತುಮಾಡಿಕೊಳ್ಳಿ ಎಂದು ಬೆಳಿಗ್ಗೆಯೇ ಅವರಿಗೆ ಹೇಳಿಬಿಟ್ಟಿದ್ದೇನೆ ಎಂದರು. ಏಕೆಂದು ಕೇಳಿದ್ದಕ್ಕೆ, "ಎರಡು ಮುಚ್ಚಳ ಅಂದ್ಕೊಂಡು ನಾಲ್ಕು ಹಾಕೋ ಕೈ, ಅವರ ಮೈಗೆ ಏನು ಹಾಕುತ್ತೋ ಯಾರಿಗೆ ಗೊತ್ತು? ಗಿಡ ಆದ್ರೆ ಕಿತ್ತು ಎಸೀಬಹುದು" ಎಂದರು.

ಯಜಮಾನರು ಬಂದಾಗ ಅವರಿಗೂ ಹೇಳಿದರು. ಇಡೀ ದಿನ ಲಿಫ್ಟ್ ರಿಪೇರಿ ಮಾಡಿ ಸುಸ್ತಾಗಿ ಬಂದವರು, ವಯಸ್ಸಾಯಿತಲ್ಲಮ್ಮ, ಬಿಟ್ಟಿದ್ದೇ ಒಳ್ಳೆಯದಾಯಿತು ಎಂದುಬಿಟ್ಟರು. ಅತ್ತೆ ತಲೆಯಾಡಿಸಿದರು.

ಈಗ ಹೇಳಬೇಕು, ಈ ಕ್ಷಣ ಹೇಳಿದರೆ ಮುಗಿಯಿತು ಎಂದು ಅನ್ನಿಸಿತ್ತು. ತಟ್ಟೆ ತೊಳೆಯಲು ಎದ್ದು ಹೋದೆ.

ಮಾರ್ಚ್ 20

ಯಾರ್ಡಿನಲ್ಲಿ ನನ್ನ ಕೋಣೆಯ ಹಿಂದೆ ಎರಡು ಕುಂಡ ಇಟ್ಟೆ. ಒಂದರಲ್ಲಿ ಏಳನೇ ರಾಶಿಯ ಗೊಬ್ಬರ, ಇನ್ನೊಂದರಲ್ಲಿ ಬರೀ ಮಣ್ಣು. ಎರಡಕ್ಕೂ ನಾಲ್ಕು ನಾಲ್ಕು ಬೀನ್ಸ್ ಬೀಜ. ಯಾರಿಗೂ ಹೇಳಿಲ್ಲ.

ಒಂದು ವೇಳೆ ಎಲೆ ನೆಟ್ಟಗೆ ಬಂದರೆ? ನಿಜಕ್ಕೂ ಟಾನಿಕ್ಕಿನದೇ ದೋಷವಿದ್ದರೆ? ಹಾಗಿದ್ದರೆ ನಾನು ಹೇಳಿದ್ದು ಸುಳ್ಳೇ ಅಲ್ಲ. ಬಸ್ಸಿನಲ್ಲಿ ಬರುವಾಗ ಅತ್ತೆಯ ಅಳತೆ ನಿಜವಾಗಿಯೂ ತಪ್ಪಿರಲಿ ಎಂದು ಹಾರೈಸುತ್ತಿದ್ದೆ. ಇದನ್ನು ಬರೆಯಬಾರದಿತ್ತು. ಬರೆದಾಯಿತು.

ಮಾರ್ಚ್ 27

ನಾಲ್ಕಕ್ಕೆ ನಾಲ್ಕು ಎರಡೂ ಕುಂಡದಲ್ಲಿ ಮೊಳೆತಿವೆ. ಈಗಲೇ ಏನೂ ಹೇಳಲಾಗದು. ಮೊದಲ ಜೋಡಿ ಎಲೆ ಹೇಗಿದ್ದರೂ ಚೆನ್ನಾಗಿಯೇ ಬರುತ್ತದೆ, ಆಮೇಲೆ ಬರುವ ಮೂರೆಲೆಯ ಗೊಂಚಲು ನೋಡಬೇಕು ಎಂದು ಜರಡಿ ಅಕ್ಕ ಹೇಳುತ್ತಿದ್ದುದು ನೆನಪಾಯಿತು.

ಮಧ್ಯಾಹ್ನ ಪಾರ್ಕಿನ ಕೆಲಸ ನೋಡಿ ಬರುವಾಗ ದೊಡ್ಡ ರಸ್ತೆಯಲ್ಲಿ ಅವರೇ ಸಿಕ್ಕರು. ಎಲೆ ಬಳಿದು ಗುಡ್ಡೆ ಹಾಕುತ್ತಿದ್ದರು. ಜೊತೆಯವರು ಎಲೆಯನ್ನೂ ಪ್ಲಾಸ್ಟಿಕ್ಕನ್ನೂ ಒಂದೇ ಚೀಲಕ್ಕೆ ತುರುಕುತ್ತಿದ್ದರೆ ಇವರು ಕೂತು ಬಾಟಲಿ ಮುಚ್ಚಳ, ಕಾಗದದ ಲೋಟ, ಹರಿದ ಕವರ್ ಎಲ್ಲ ಆರಿಸಿ ಬೇರೆ ಇಡುತ್ತಿದ್ದರು. "ನಮ್ಮ ಯಾರ್ಡಿಗೇ ಬರೋದಲ್ವಾ, ಅಲ್ಲಿ ಆರಿಸೋರು ಯಾರಿದ್ದಾರೆ ಈಗ?" ಎಂದರು. ಚುಚ್ಚಬೇಕೆಂದು ಹೇಳಿದ್ದಲ್ಲ. ಅವರಿಗೆ ಚುಚ್ಚಿ ಮಾತಾಡಲು ಬರುವುದಿಲ್ಲ.

ನಾನು ಕುಂಡ ಇಟ್ಟಿರುವುದನ್ನು ಹೇಳಿದೆ. ಬಾಯಿ ತಪ್ಪಿ ಬಂತು. ಯಾವ ರಾಶಿಯದು ಎಂದು ಹೇಳಲಿಲ್ಲ. ಅವರ ಮುಖ ಅರಳಿತು. ಗೋಡೆಯ ನೆರಳಲ್ಲಿ ಇಡಬೇಡಿ, ನೀರು ದಿನಾ ಬೇಡ, ಬೆರಳು ಇಟ್ಟು ನೋಡಿ ಹಾಕಿ ಎಂದೆಲ್ಲ ಹೇಳಿಕೊಟ್ಟರು. ಅವರ ಮುಂಗೈ ಬಿಸಿಲಿಗೆ ಸುಲಿದಿತ್ತು.

ಯಾರ್ಡಿಗೆ ಬಂದು ಕುಂಡಗಳನ್ನು ಬಿಸಿಲಿಗೆ ಸರಿಸಿದೆ.

ಏಪ್ರಿಲ್ 5

ಮಣ್ಣಿನ ಕುಂಡದ ಎಲೆ ಅಂಗೈಯಷ್ಟು ಅಗಲ, ನೆಟ್ಟಗೆ. ಏಳನೇ ರಾಶಿಯದು ಬಟ್ಟಲು. ನಾಲ್ಕೂ ಗಿಡ ಹಾಗೆಯೇ.

ಇನ್ನು ಒಂದು ವೇಳೆ ಎನ್ನುವುದಕ್ಕೆ ಜಾಗವಿಲ್ಲ.

ಏಪ್ರಿಲ್ 6

ಈಗಷ್ಟೇ ಆಸ್ಪತ್ರೆಯಿಂದ ಬಂದೆ.

ಬೆಳಿಗ್ಗೆ ಏಳರ ಹೊತ್ತಿಗೆ ಕೆಳಗೆ ಏನೋ ಬಿದ್ದ ಸದ್ದಾಯಿತು. ಅತ್ತೆ ನನಗಿಂತ ಮೊದಲು ಓಡಿದರು. ಮೇಷ್ಟ್ರು ಬಚ್ಚಲ ಬಾಗಿಲಲ್ಲಿ ಬಿದ್ದಿದ್ದರು. ಮೈಯೆಲ್ಲ ಬೆವರು, ಮಾತು ತೊದಲುತ್ತಿತ್ತು. ಅತ್ತೆ ಮೇಜಿನ ಮೇಲಿದ್ದ ಸಿರಿಂಜು ನೋಡಿದರು, ಮೇಷ್ಟ್ರ ಮುಖ ನೋಡಿದರು, "ಸಕ್ಕರೆ ತಾ, ಓಡು" ಎಂದರು. ಮೇಷ್ಟ್ರಿಗೆ ನುಂಗುವಷ್ಟು ಎಚ್ಚರವಿತ್ತು. ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸಕ್ಕರೆ ನೀರನ್ನು ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದರು. ಯಜಮಾನರು ಆಂಬುಲೆನ್ಸ್ ಕರೆದರು. ಅದು ಬರುವಷ್ಟರಲ್ಲಿ ಮೇಷ್ಟ್ರು ಕಣ್ಣು ಬಿಟ್ಟು ಏನೋ ಜೋಕು ಹೇಳಲು ನೋಡಿದರು.

ಗೆರೆ ಸರಿಯಾಗಿ ಕಾಣದೆ ದುಪ್ಪಟ್ಟು ಎಳೆದುಕೊಂಡಿದ್ದರು. ಇವತ್ತೊಂದು ದಿನವಲ್ಲ, ಬೇರೆ ಯಾರೂ ಸಿಗದೆ ಎರಡು ವಾರದಿಂದ ತಾವೇ ಅಂದಾಜಿನಲ್ಲಿ ಚುಚ್ಚಿಕೊಳ್ಳುತ್ತಿದ್ದರಂತೆ. ಹಣೆಗೆ ಮೂರು ಹೊಲಿಗೆ. ನಾಳೆ ಮನೆಗೆ ಕಳಿಸುತ್ತಾರೆ.

ಆಸ್ಪತ್ರೆಯ ಬೆಂಚಿನ ಮೇಲೆ ಅತ್ತೆ ಅಂಗೈಗಳನ್ನು ತೊಡೆಯ ಮೇಲಿಟ್ಟು ಕೂತಿದ್ದರು. "ನಾನು ಚುಚ್ಚಿದ್ರೂ ಹೀಗೇ ಆಗ್ತಿತ್ತೇನೋ. ಚುಚ್ಚದೆ ಇದ್ರೂ ಆಯ್ತು" ಎಂದರು.

ನಾನು ಪಕ್ಕದಲ್ಲೇ ಇದ್ದೆ. ಬಿಲ್ ಕಟ್ಟಿ ಬರುತ್ತೇನೆ ಎಂದು ಎದ್ದು ಹೋದೆ.

ಏಪ್ರಿಲ್ 7

ಹೇಳಿದೆ.

ರಜೆ ಹಾಕಿ, ಯಾರ್ಡಿಗೆ ಹೋಗಿ ಎರಡೂ ಕುಂಡಗಳನ್ನು ಬಸ್ಸಿನಲ್ಲಿ ತಂದೆ. ಊಟದ ಮೇಜಿನ ಮೇಲಿಟ್ಟೆ. ಅತ್ತೆ ಕನ್ನಡಕ ಹಾಕಿಕೊಂಡು ಎಕ್ಸ್‌ರೇ ನೋಡುವಂತೆ ಒಂದೊಂದು ಎಲೆಯನ್ನೂ ಬೆಳಕಿಗೆ ತಿರುಗಿಸಿ ನೋಡಿದರು. ನಾನು ಮೊದಲಿನಿಂದ ಹೇಳುತ್ತಾ ಹೋದೆ. ಮಾಲಿಯ ಫೋನು, ಫಾರಂ, ಬೀಜ ಬೇಡ ಎಂದದ್ದು, ವರದಿ, ಜರಡಿ ಅಕ್ಕನನ್ನು ರಸ್ತೆಗೆ ಹಾಕಿದ್ದು.

"ನಿನಗೆ ಯಾವಾಗಿಂದ ಗೊತ್ತು?" ಎಂದು ಅತ್ತೆ ಕೇಳಿದರು.

"ನೀವು ತಾರಸಿಗೆ ಕರೆದ್ರಲ್ಲ, ಅವತ್ತಿಂದ."

"ನಾನು ಸಿರಿಂಜಿಗೆ ನೀರು ಎಳೆದು ನೋಡ್ತಾ ಇದ್ದಾಗ ನೀನು ಬಾಗಿಲಲ್ಲಿ ನಿಂತಿದ್ದೆ."

"ಹೌದು ಅತ್ತೆ."

"ಆಗಲೂ ಗೊತ್ತಿತ್ತು."

"ಗೊತ್ತಿತ್ತು."

ಅವರು ಸೊಟ್ಟ ಗಿಡದ ಕುಂಡವನ್ನು ಸ್ವಲ್ಪ ಆಚೆ ಸರಿಸಿದರು. "ಗಿಡ ಸತ್ರೆ ಇನ್ನೊಂದು ನೆಡ್ತೀನಿ. ನೀನು ನಿಂತ್ಕೊಂಡು ನೋಡಿದ್ಯಲ್ಲ, ಅದನ್ನ ನಾನು ಎಲ್ಲಿ ಇಟ್ಕೊಳ್ಲಿ?" ಎಂದರು. ದನಿ ಏರಿಸಲಿಲ್ಲ. ಏರಿಸಿದ್ದರೆ ಚೆನ್ನಾಗಿತ್ತು.

ಕಾಲಿಗೆ ಬೀಳೋಣವೆಂದು ಎದ್ದೆ. ಬೇಡ ಎನ್ನುವಂತೆ ಕೈ ಅಡ್ಡ ಹಿಡಿದು ಒಳಗೆ ಹೋದರು.

ಸಂಜೆ ಮೇಷ್ಟ್ರು ಮನೆಗೆ ಬಂದರು. ಅತ್ತೆ ತಮ್ಮ ಡಬ್ಬಿ ತೆಗೆದುಕೊಂಡು ಇಳಿದು ಹೋದರು. ಕಾಲು ಗಂಟೆ ಬಿಟ್ಟು ಹತ್ತಿ ಬಂದರು. ಮೇಷ್ಟ್ರು ಏನು ಜೋಕು ಹೇಳಿದರೋ, ಊಟಕ್ಕೆ ಕೂತಾಗ ನಮಗೆ ಹೇಳಲಿಲ್ಲ. ನಾನು ಬಡಿಸಲು ಹೋದೆ. ಸೌಟು ತೆಗೆದುಕೊಂಡು ತಾವೇ ಬಡಿಸಿಕೊಂಡರು.

ಯಜಮಾನರಿಗೂ ಹೇಳಿದ್ದೇನೆ. "ವಯಸ್ಸಾಯ್ತು ಬಿಡು ಅಂದೆನಲ್ಲ ನಾನು" ಎಂದರು. ಅವರಿಗೆ ಅವರದೇ ಸಂಕಟ. ಆ ಮಾತನ್ನು ಅವರ ಬಾಯಲ್ಲಿ ಹಾಕಿದವಳು ನಾನು.

ಏಪ್ರಿಲ್ 8

ನಿಜ ವರದಿ ಬರೆದು, ನವೆಂಬರಿನ ಫಾರಂ ಜೊತೆಗಿಟ್ಟು ಮ್ಯಾನೇಜರ್ ಮೇಜಿನ ಮೇಲೆ ಇಟ್ಟೆ. ಓದಿದರು. ಇನ್ನೊಮ್ಮೆ ಓದಿದರು. ಎದ್ದು ಬಾಗಿಲು ಮುಚ್ಚಿ ಬಂದರು.

ದೂರುಗಳು ನಿಂತುಹೋಗಿವೆ, ಜನ ಮರೆತಿದ್ದಾರೆ, ಈಗ ಏಕೆ ಕೆದಕುತ್ತೀರಿ ಎಂದರು. ಕೆಟ್ಟವರೇನಲ್ಲ. ನನ್ನನ್ನು ಉಳಿಸಲೆಂದೇ ಹೇಳಿದ್ದು. ಒಂದು ತಿಂಗಳ ಹಿಂದಾಗಿದ್ದರೆ ಆ ಮಾತನ್ನು ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದೆ. ಜನ ಮರೆತಿಲ್ಲ ಸರ್, ತಮ್ಮದೇ ತಪ್ಪು ಅಂತ ಸುಮ್ಮನಾಗಿದ್ದಾರೆ ಎಂದೆ.

ಸಂಜೆಯೊಳಗೆ ತೀರ್ಮಾನ ಬಂತು. ನಾನು ಇನ್ನು ಇನ್‌ಚಾರ್ಜ್ ಅಲ್ಲ. ಕೆಲಸ ಉಳಿಯುತ್ತದೆ, ಮೆಷಿನ್ನಿನ ಬಳಿ, ಉಳಿದವರ ಜೊತೆ. ಅದಕ್ಕೂ ಮೊದಲು ಹಂಚಿದ ಚೀಲಗಳನ್ನು ಮನೆಮನೆಗೆ ಹೋಗಿ ವಾಪಸ್ ತರಬೇಕು. ಪರಿಶೀಲನೆಯ ತಂಡಕ್ಕೆ ಕೊಟ್ಟ ಸೊನ್ನೆಯ ಲೆಕ್ಕವನ್ನೂ ತಿದ್ದಿ ಕಳಿಸುತ್ತಾರಂತೆ. ಎಷ್ಟಕ್ಕೆ ಬರುತ್ತದೋ ಕೇಳಲಿಲ್ಲ.

ಆ ಗೊಬ್ಬರವನ್ನು ಎಸೆಯಬೇಕಾಗಿಲ್ಲ, ಹುಲ್ಲಿಗೆ ಅದರಿಂದ ಏನೂ ಆಗುವುದಿಲ್ಲ, ರಸ್ತೆ ನಡುವಿನ ಹುಲ್ಲು ಪಟ್ಟಿಗಳಿಗೆ ಹಾಕಬಹುದು ಎಂದು ಹೇಳಿದೆ. ಅಲ್ಲಿಯ ಹುಲ್ಲು ಕತ್ತರಿಸಿದರೆ ಅಲ್ಲಿಯೇ ಬಿಡಬೇಕು, ಮತ್ತೆ ಯಾರ್ಡಿಗೆ ತರಬಾರದು ಅಂತಲೂ ಹೇಳಿದೆ. ಬರೆದುಕೊಂಡರು. ಇದನ್ನು ನವೆಂಬರಿನಲ್ಲೇ ಮಾಡಬಹುದಿತ್ತು. ಆ ಮಾಲಿಗೆ ಹುಲ್ಲನ್ನು ಅಲ್ಲೇ ಹರಡಿ ಬಿಡಿ ಎಂದು ಒಂದು ಮಾತು ಹೇಳಿದ್ದರೆ ಲಾರಿಯೂ ಬೇಕಿರಲಿಲ್ಲ, ಸೊನ್ನೆಯೂ ಕೆಡುತ್ತಿರಲಿಲ್ಲ. ಫೋನಿಗೆ ಉತ್ತರ ಕೊಡುವಷ್ಟು ತಾಳ್ಮೆ ಇರಲಿಲ್ಲ ನನಗೆ.

ಏಪ್ರಿಲ್ 10

ಜರಡಿ ಅಕ್ಕನನ್ನು ಹುಡುಕಿಕೊಂಡು ಹೋದೆ. ಸಂತೆ ಬೀದಿಯ ಕೊನೆಯಲ್ಲಿ ಜಾಲರಿ ಎತ್ತಿ ಕೆಸರು ತೆಗೆಯುತ್ತಿದ್ದರು. ಅಲ್ಲೇ ನಿಂತು ಹೇಳಿದೆ. ಜನ ಓಡಾಡುತ್ತಿದ್ದರು. ಒಂದು ಕಡೆ ಕೂತು ಹೇಳೋಣ ಎಂದು ಮೊದಲು ಅಂದುಕೊಂಡಿದ್ದೆ. ಆದರೆ ಅವರನ್ನು ಎಲ್ಲರ ಎದುರು ರಸ್ತೆ ಕೆಲಸಕ್ಕೆ ಹಾಕಿ, ನಾನು ಮಾತ್ರ ಮೂಲೆಯಲ್ಲಿ ಹೇಳುವುದು ಹೇಗೆ?

ಅವರು ಸಲಿಕೆ ಊರಿ ನಿಂತು ಕೇಳಿದರು.

"ನಾಲ್ಕು ವಾರದಿಂದ ನಾನೇನು ತಪ್ಪು ಮಾಡಿದೆ ಅಂತ ಹುಡುಕ್ತಾ ಇದ್ದೆ ಮೇಡಂ. ಜರಡಿಯ ಕಣ್ಣು ಸಡಿಲ ಆಗಿತ್ತೇನೋ, ನಾನು ನೋಡ್ಲಿಲ್ವೇನೋ ಅಂತ. ಮನೆಯಲ್ಲಿ ಹಿಟ್ಟಿನ ಜರಡಿ ಹಿಡಿದ್ರೂ ಅದೇ ಯೋಚನೆ."

ತಪ್ಪಾಯಿತು ಅಕ್ಕ ಎಂದೆ. ಆ ಮಾತು ಎಷ್ಟು ಸಣ್ಣದೆಂದು ಬಾಯಿಂದ ಹೊರಬಿದ್ದ ಮೇಲೆ ತಿಳಿಯಿತು.

ವಾಪಸ್ ಕರೆಸುತ್ತಾರಾ ಎಂದು ಕೇಳಿದರು. ಹೊಸ ವರದಿಯಲ್ಲಿ ಬರೆದಿದ್ದೇನೆ, ಮ್ಯಾನೇಜರ್ ಒಪ್ಪಿದ್ದಾರೆ, ಸೋಮವಾರದಿಂದ ಬರಬಹುದು ಎಂದೆ.

"ಬರ್ತೀನಿ. ಆದ್ರೆ ನಿಮ್ಮ ಕೈಕೆಳಗೆ ಬರಲ್ಲ."

"ನನ್ನ ಕೈಕೆಳಗೆ ಈಗ ಯಾರೂ ಇಲ್ಲ ಅಕ್ಕ. ನಾನೂ ಮೆಷಿನ್ ಹತ್ತಿರ."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. ಕೆಸರಿನ ಚೀಲ ತುಂಬಿತ್ತು. "ಆ ತುದಿ ಹಿಡೀರಿ" ಎಂದರು. ಇಬ್ಬರೂ ಸೇರಿ ಗಾಡಿಗೆ ಎತ್ತಿ ಹಾಕಿದೆವು. ಸೀರೆಗೆ ಕೆಸರು ಸಿಡಿಯಿತು. ಬಸ್ಸಿನಲ್ಲಿ ಪಕ್ಕದವರು ಎದ್ದು ಬೇರೆ ಸೀಟಿಗೆ ಹೋದರು.

ಏಪ್ರಿಲ್ 15

ಚೀಲ ವಾಪಸ್ ತರುವ ಕೆಲಸ ಮೂರು ದಿನದಿಂದ ನಡೆದಿದೆ. ಕಂಪನಿ ಒಂದು ನೋಟಿಸ್ ಅಚ್ಚು ಹಾಕಿಸಿ ಕೊಟ್ಟಿದೆ: "ಕೆಲವು ಚೀಲಗಳಲ್ಲಿ ಗುಣಮಟ್ಟದ ತೊಂದರೆ ಕಂಡುಬಂದಿರುವುದರಿಂದ ಹಿಂಪಡೆಯಲಾಗುತ್ತಿದೆ." ಬೆಲ್ ಒತ್ತುವುದು, ನೋಟಿಸ್ ಓದುವುದು, ಉಳಿದ ಗೊಬ್ಬರವನ್ನೂ ಕುಂಡದ ಮಣ್ಣನ್ನೂ ಚೀಲಕ್ಕೆ ತುಂಬಿಕೊಳ್ಳುವುದು. ಯಾರದು ತೊಂದರೆ, ಹೇಗಾಯಿತು ಎಂದು ನೋಟಿಸಿನಲ್ಲಿಲ್ಲ. ಕೆಲವರು ಕೇಳುತ್ತಾರೆ. ನಾನು ನೋಟಿಸನ್ನೇ ಇನ್ನೊಮ್ಮೆ ಓದುತ್ತೇನೆ.

ಇವತ್ತು ಬೆಳಿಗ್ಗೆ ಹೊರಡುವಾಗ ಅತ್ತೆ ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದರು. ಎಂಟು ದಿನದಿಂದ ನಮ್ಮಿಬ್ಬರ ನಡುವೆ ಅನ್ನ ಆಯ್ತಾ, ಬೀಗ ಹಾಕು, ಇಷ್ಟೇ ಮಾತು.

"ಎಷ್ಟು ಮನೆ ಇವೆ?" ಎಂದರು.

ಇವತ್ತು ಮೂವತ್ತು ಎಂದೆ. ಬೀದಿಯಲ್ಲಿ ನಿಂತಿದ್ದ ಕಂಪನಿಯ ವ್ಯಾನ್ ಹತ್ತಿ ಕೂತರು.

ಮೊದಲ ಆರು ಮನೆಯಲ್ಲಿ ಅವರು ಮೆಟ್ಟಿಲ ಬಳಿಯೇ ನಿಂತಿದ್ದರು. ಏಳನೆಯದು ಮೂರನೇ ಮಹಡಿ, ಬಟ್ಟೆ ಹೊಲಿಯುವ ಒಬ್ಬ ಹೆಂಗಸಿನ ಮನೆ. ಬಾಲ್ಕನಿಯಲ್ಲಿ ಖಾಲಿ ಕುಂಡಗಳನ್ನು ಒಂದರ ಮೇಲೊಂದು ಕವುಚಿ ಹಾಕಿದ್ದರು. ನಾನು ನೋಟಿಸ್ ಓದಿದೆ. ಆಕೆ ಕೇಳಿ, ಅದು ಬೇರೆಯವರದಿರಬೇಕು, ನನ್ನ ಗಿಡ ಹೋದದ್ದು ನನ್ನಿಂದಲೇ ಎಂದರು. ನೀರು ಹೆಚ್ಚಾಯಿತೇನೋ, ಮೊದಲಿನಿಂದಲೂ ನಾನು ಮುಟ್ಟಿದ್ದು ಏಳಿಗೆಯಾಗುವುದಿಲ್ಲ ಎಂದರು. ನಗುತ್ತಲೇ ಹೇಳಿದರು. ಎಷ್ಟೋ ಜನರ ಎದುರು ಹಾಗೆ ನಗುತ್ತಾ ಹೇಳಿ ರೂಢಿಯಾದ ಹಾಗಿತ್ತು.

ನಾನು ನೋಟಿಸನ್ನು ಮಡಚುತ್ತಿದ್ದೆ. ಹಿಂದಿನಿಂದ ಅತ್ತೆ ಮುಂದೆ ಬಂದರು. ಆಕೆಯ ಎರಡೂ ಕೈಗಳನ್ನು ಹಿಡಿದುಕೊಂಡರು, ನಾಡಿ ನೋಡುವವರ ಹಾಗೆ.

"ನಿಮ್ಮ ಕೈಗೆ ಏನೂ ಆಗಿಲ್ಲಮ್ಮ. ಗೊಬ್ಬರದಲ್ಲೇ ಔಷಧಿ ಇತ್ತು. ಗೊತ್ತಿದ್ದೂ ಕೊಟ್ಟಿದ್ದು. ತಪ್ಪು ನಮ್ಮನೇದು" ಎಂದರು. ನನ್ನ ಕಡೆ ತಲೆ ತಿರುಗಿಸಿ, "ಇವಳು ನನ್ನ ಸೊಸೆ" ಎಂದರು.

ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಆ ಹೆಂಗಸು ನನ್ನನ್ನು ನೋಡಿದರು. ತಲೆ ತಗ್ಗಿಸಿಕೊಂಡು ಚೀಲ ತುಂಬಿದೆ. ಮಣ್ಣೆಲ್ಲ ಕಣ್ಣಿಗೆ ಮಸುಕಾಗಿ ಕಾಣುತ್ತಿತ್ತು.

ಎಂಟನೇ ಮನೆಯ ಬೆಲ್ ಒತ್ತಿದಾಗ ನೋಟಿಸ್ ಕೈಯಲ್ಲೇ ಇತ್ತು, ಓದಲಿಲ್ಲ. ಬಾಗಿಲು ತೆಗೆದವರಿಗೆ ನಡೆದದ್ದನ್ನು ನಾನೇ ಹೇಳಿದೆ. ಅವರು ಗಟ್ಟಿಯಾಗಿ ಬೈದರು. ಬೈಯುವಷ್ಟು ಹೊತ್ತೂ ಅತ್ತೆ ನನ್ನ ಪಕ್ಕದಲ್ಲಿ ಕುಕ್ಕರುಗಾಲಿನಲ್ಲಿ ಕೂತು ಚೀಲದ ಬಾಯಿ ಕಟ್ಟುತ್ತಿದ್ದರು. ಒಂಬತ್ತನೇ ಮನೆಯಲ್ಲೂ ಹೇಳಿದೆ. ಹತ್ತನೆಯದರಲ್ಲೂ.

ಇನ್ನು ನೂರ ಐದು ಮನೆ ಇವೆ. ಆಯಾ ದಿನದ್ದನ್ನು ಬಿಸಿಲೇರುವ ಮೊದಲು ಮುಗಿಸಬೇಕು, ನಾಳೆ ಏಳಕ್ಕೇ ಹೊರಡೋಣ ಎಂದಿದ್ದಾರೆ ಅತ್ತೆ.